ದಹಿಸರಿನಲ್ಲೊಂದು ವಿಲಾಯತಿ ಆಫೀಸು

ನನಗೆ ಕೆಲಸ ಸಿಕ್ಕಿದೆ.

ನಗಬೇಡಿ. ಎಪ್ಪತ್ತು ದಾಟಿ, ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು, ಇನ್ನು ಟಿ.ವಿ. ಮುಂದೆ ಕೂತು ಬಟಾಣಿ ಬಿಡಿಸುವುದೊಂದೇ ಬಾಕಿ ಎಂದುಕೊಂಡಿದ್ದವಳಿಗೆ ಇಂಗ್ಲೆಂಡಿನ ಕಾರ್ಪೆಟ್ ಕಂಪನಿಯೊಂದರಲ್ಲಿ ಕೆಲಸ. ಹುದ್ದೆ ರಿಸೆಪ್ಷನಿಸ್ಟ್. ಸಂಬಳ ಇಲ್ಲ, ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲ. ಇಂಟರ್‌ವ್ಯೂ ಅಂತೂ ಆಗಲೇ ಇಲ್ಲ. ಫೋನ್ ಹೊಡೆದುಕೊಂಡಿತು, ಎತ್ತಿದೆ, ಕೆಲಸ ಆಯಿತು.

ಪ್ರತಿ ಗುರುವಾರ ಮಧ್ಯಾಹ್ನ ಊಟದ ತಟ್ಟೆ ತೊಳೆದಿಟ್ಟು, ಒಳ್ಳೆಯ ಸೀರೆಯುಟ್ಟು, ಫೋನಿನ ಪಕ್ಕ ಕೂರುತ್ತೇನೆ. (‘ಫೋನಿನಲ್ಲಿ ಸೀರೆ ಕಾಣುತ್ತದೇನಮ್ಮಾ?’ ಎಂದು ಪುಣೆಯಿಂದ ಬಂದಿದ್ದ ಮಗಳು ನಕ್ಕಳು. ಕಾಣುವುದಿಲ್ಲ, ಒಪ್ಪಿದೆ. ಆದರೆ ನೈಟಿಯಲ್ಲಿ ಕೂತು ಒಮ್ಮೆ ‘ಗುಡ್ ಮಾರ್ನಿಂಗ್, ಸರ್’ ಎಂದು ಹೇಳಿ ನೋಡಿ. ಬಾಯಿಂದ ಬರುವುದೇ ಬೇರೆ.) ನಮಗೆ ಮಧ್ಯಾಹ್ನವಾದರೂ ಅವರಿಗೆ ಆಗಿನ್ನೂ ಬೆಳಗ್ಗೆ. ಹಾಗಾಗಿ ಗುಡ್ ಮಾರ್ನಿಂಗ್.

ಇದೆಲ್ಲ ಶುರುವಾದದ್ದು ರೇಣುಕಾಳಿಂದ.

ಮುಂಬಯಿಯ ತುದಿಯ ಈ ದಹಿಸರಿನಲ್ಲಿ, ನಮ್ಮ ಬಿಲ್ಡಿಂಗಿನ ಹಿಂದಿನ ಗೋಡೆಗೆ ಅಂಟಿಕೊಂಡಂತೆ ಸಾಲುಮನೆಗಳ ಒಂದು ಚಾಳ್ ಇದೆ. ಅದರ ಕೆಳಗಿನ ಸಾಲಿನ ಒಂದು ಖೋಲಿಯಲ್ಲಿ, ಅಂದರೆ ಒಂದೇ ಕೋಣೆಯಲ್ಲಿ, ರೇಣುಕಾಳ ಸಂಸಾರ. ಅಪ್ಪ, ಅಣ್ಣ, ಅತ್ತಿಗೆ, ಅಣ್ಣನ ಮಕ್ಕಳು, ನಡುವೆ ಇವಳು. ಬಿಜಾಪುರದ ಕಡೆಯವರು. ಅಪ್ಪ ಕಾರ್ಪೆಟ್ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದವರು. ಮಿಲ್ಲು ಮುಚ್ಚಿತು, ಈಗ ದಾದರಿನ ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿದಿದ್ದಾರೆ. ರೇಣುಕಾ ಅದೇ ಮಿಲ್ಲಿನ ಡಿಸೈನ್ ರೂಮಿನಲ್ಲಿ ಇದ್ದವಳು. ಮೂವತ್ತು ದಾಟಿದೆ. ಮದುವೆಯ ಮಾತು ಬಂದರೆ ‘ಆಮ್ಯಾಲ ನೋಡೂಣು’ ಎನ್ನುತ್ತಾಳೆ.

ಅವಳ ಕೆಲಸ ಏನು ಗೊತ್ತೇ? ದೊಡ್ಡದೊಂದು ಚೌಕಳಿ ಕಾಗದ. ಒಂದೊಂದು ಚೌಕ ಇರುವೆಯ ತಲೆಯಷ್ಟು. ಯಾರೋ ಬರೆದ ಹೂವಿನ ಚಿತ್ರವನ್ನು ನೋಡಿಕೊಂಡು, ಆ ಚೌಕಗಳಿಗೆ ಒಂದೊಂದಾಗಿ ಬ್ರಷ್ಷಿನಿಂದ ಬಣ್ಣ ತುಂಬಬೇಕು. ಈ ಚೌಕ ಕೆಂಪು, ಮುಂದಿನದು ಕೆಂಪು, ಅದರ ಮುಂದಿನದು ಸ್ವಲ್ಪ ಕಂದು. ಮಗ್ಗ ಅದನ್ನೇ ನೋಡಿ ನೇಯುತ್ತದೆ. ಒಂದು ಚೌಕ ಎಂದರೆ ಕಾರ್ಪೆಟ್ಟಿನಲ್ಲಿ ಒಂದು ಚೂರು ಉಣ್ಣೆ. ನಾನು ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ಒಂದು ಎಲೆ ಮುಗಿಯುವಷ್ಟರಲ್ಲಿ ನನ್ನ ಕುತ್ತಿಗೆ ಹಿಡಿದುಕೊಂಡಿತು. ಅವಳದಲ್ಲ, ನನ್ನದು.

ಮಿಲ್ಲು ಮುಚ್ಚಿದ ಮೇಲೆ ಅದರ ಹಳೆಯ ಮಗ್ಗಗಳನ್ನು ನೋಡಲು ಇಂಗ್ಲೆಂಡಿನಿಂದ ಒಬ್ಬ ಸಾಹೇಬ ಬಂದಿದ್ದ. ಹೆಸರು ಬಾರ್ಲೋ. ಮಗ್ಗ ಹಿಡಿಸಲಿಲ್ಲ. ಗೋಡೆಗೆ ಅಂಟಿಸಿದ್ದ ಚೌಕಳಿ ಕಾಗದಗಳು ಹಿಡಿಸಿದವು. ‘ಇದನ್ನು ಬರೆದವರು ಯಾರು?’ ಎಂದ. ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಂದು ಬಾಗಿಲಲ್ಲಿ ನಿಂತಿದ್ದ ರೇಣುಕಾ ಕೈಯೆತ್ತಿದಳು. ಸ್ಕೂಲಿನಲ್ಲಿ ಎತ್ತುತ್ತೇವಲ್ಲ, ಹಾಗೆ.

‘ನಮ್ಮ ಫ್ಯಾಕ್ಟರಿಗೆ ಬರುತ್ತೀಯಾ?’ ಎಂದ ಆತ. ಬರುತ್ತೇನೆ ಎಂದಳು.

ಆದರೆ ಬರುತ್ತೇನೆ ಎಂದರೆ ಆಯಿತೇ? ಅವರ ಸರ್ಕಾರ ವರ್ಕ್ ಪರ್ಮಿಟ್ ಕೊಡಬೇಕು. ಅರ್ಜಿ ಬಾರ್ಲೋ ಹಾಕಬೇಕು. ‘ಪರ್ಮಿಟ್ ಬರುವ ತನಕ ಮುಂಬಯಿಯಿಂದಲೇ ಕೆಲಸ ಮಾಡುತ್ತಿರು’ ಎಂದು ಹೇಳಿ ಹೋದ. ಅಂದಿನಿಂದ ಚಿತ್ರಗಳು, ಕಾಗದ, ಉಣ್ಣೆಯ ಪುಟ್ಟ ಪುಟ್ಟ ಗೊಂಡೆಗಳು ಕೊರಿಯರಿನಲ್ಲಿ ಬರುತ್ತವೆ. ಇವಳು ಚೌಕ ತುಂಬಿಸಿ, ಉದ್ದನೆಯ ಕೊಳವೆಯಲ್ಲಿ ಸುರುಳಿ ಸುತ್ತಿ ವಾಪಸ್ ಕಳಿಸುತ್ತಾಳೆ. ಧಣಿ ಅಲ್ಲಿ, ದುಡಿಯುವವಳು ಇಲ್ಲಿ. ಹೀಗೂ ಒಂದು ನೌಕರಿ ಇರುತ್ತದೆಂದು ನನ್ನ ಯಜಮಾನರು ಇದ್ದಿದ್ದರೆ ನಂಬುತ್ತಲೇ ಇರಲಿಲ್ಲ. ಅವರಿಗೆ ನೌಕರಿ ಎಂದರೆ ಬೆಳಗಿನ ಫಾಸ್ಟ್ ಲೋಕಲ್ ರೈಲು, ಟಿಫಿನ್ ಡಬ್ಬಿ, ಚರ್ಚ್‌ಗೇಟ್ ಸ್ಟೇಷನ್.

ಇನ್ನು ನನ್ನ ಪಾತ್ರ. ನಮ್ಮ ಕಡೆ ಫೋನ್ ಎಂದರೆ ಇಂದಿಗೂ ಸಣ್ಣ ವಿಷಯವಲ್ಲ. ಅರ್ಜಿ ಹಾಕಿದ ಮನೆಯ ಮಗು ಕಾಲೇಜಿಗೆ ಹೋಗುವ ಹೊತ್ತಿಗೆ ಲೈನ್ ಬರುತ್ತದೆ. ಯಜಮಾನರ ಸರ್ಕಾರಿ ಹುದ್ದೆಯ ಪುಣ್ಯದಿಂದ ನಮ್ಮಲ್ಲಿ ಮೊದಲೇ ಇತ್ತು. ಫೋನಿಲ್ಲದವರು ನೆರೆಮನೆಯ ನಂಬರು ಬರೆದುಕೊಟ್ಟು, ಅದರ ಮುಂದೆ ‘ಪಿ.ಪಿ.’ ಎಂದು ಹಾಕುವುದು ನಿಮಗೆ ಗೊತ್ತೇ ಇದೆ. ನಿಮ್ಮಲ್ಲಿ ಎಷ್ಟೋ ಜನರ ಮದುವೆಯ ಮಾತುಕತೆ ಹೀಗೆ ಪಿ.ಪಿ. ನಂಬರಿನಲ್ಲೇ ಆಗಿರುತ್ತದೆ.

‘ಅವ್ವಾರ, ಸಾಹೇಬಗ ನಿಮ್ಮ ನಂಬರ ಕೊಡ್ಲ್ಯಾ?’ ಎಂದು ರೇಣುಕಾ ಬಾಗಿಲಲ್ಲಿ ನಿಂತು ಕೇಳಿದಳು. ‘ವಾರಕ್ಕ ಒಮ್ಮೆ ಅಷ್ಟರೀ. ನಿಮಗ ತ್ರಾಸ ಆಗಬಾರದು.’

‘ತ್ರಾಸ ಏನಮ್ಮಾ? ಕೊಡು’ ಎಂದೆ.

ಆದರೆ ಇಂಗ್ಲೆಂಡಿನಲ್ಲಿ ಪಿ.ಪಿ. ಎಂಬ ವ್ಯವಸ್ಥೆ ಇಲ್ಲ. ಅಲ್ಲಿ ನೀವು ಕೊಟ್ಟ ನಂಬರು ನಿಮ್ಮದೇ. ಮೊದಲ ಗುರುವಾರ ನಾನು ಫೋನ್ ಎತ್ತಿ, ಕಾನ್ವೆಂಟಿನಲ್ಲಿ ಕಲಿತ ದನಿಯಲ್ಲಿ, ‘ಗುಡ್ ಮಾರ್ನಿಂಗ್, ಮೇ ಐ ನೋ ಹೂ ಈಸ್ ಸ್ಪೀಕಿಂಗ್?’ ಎಂದೆ. ಆ ಕಡೆಯಿಂದ ‘ಬಾರ್ಲೋ’ ಎಂದು ಉತ್ತರ ಬಂತು. ನಂತರ ಆತ ಬಹಳ ಗೌರವದಿಂದ, ‘ಮಿಸ್ ರೇಣುಕಾ ಅವರಿಗೆ ಲೈನ್ ಕೊಡುತ್ತೀರಾ?’ ಎಂದ.

ಲೈನ್ ಕೊಡುವುದು! ನಾನೇನು ಎಕ್ಸ್‌ಚೇಂಜೇ? ಆದರೆ ಬಾಯಿ ತನ್ನಷ್ಟಕ್ಕೆ ‘ಒನ್ ಮೊಮೆಂಟ್ ಪ್ಲೀಸ್’ ಎಂದಿತು. ಬೆಂಗಳೂರಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್, ಬೋರ್ಡ್ ಒರೆಸುವ ಡಸ್ಟರನ್ನು ಕಿವಿಗೆ ಹಿಡಿಸಿ ಟೆಲಿಫೋನ್ ಮ್ಯಾನರ್ಸ್ ಹೇಳಿಕೊಟ್ಟಿದ್ದರು. ಆಗ ನಮ್ಮಲ್ಲಿ ಯಾರ ಮನೆಯಲ್ಲೂ ಫೋನ್ ಇರಲಿಲ್ಲ. ಆ ಪಾಠಕ್ಕೆ ಮೊದಲ ಬಾರಿಗೆ ನಿಜವಾದ ಉಪಯೋಗ ಬಂದದ್ದು ಇಲ್ಲಿ, ಈ ವಯಸ್ಸಿನಲ್ಲಿ. ಬಿ.ಎ. ಮಾಡಿದ್ದೆ. ಕೆಲಸಕ್ಕೆ ಹೋಗು ಎಂದು ಯಾರೂ ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಹಾಗೇ ವರ್ಷಗಳು ಹೋದವು. ಇರಲಿ.

ರಿಸೀವರಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಅಡುಗೆಮನೆಯ ಕಿಟಕಿಗೆ ಹೋಗಿ, ‘ರೇಣೂ, ಇಂಗ್ಲೆಂಡ್!’ ಎಂದು ಕೂಗಿದೆ. (ಬಳ್ಳಿಯಂತೆ ಉದ್ದನೆಯ ವೈರ್ ಹಾಕಿಸಿದ್ದೇನೆ.) ಅವಳು ಗೋಡೆ ಸುತ್ತಿ ಓಡಿಬಂದು, ಮೆಟ್ಟಿಲು ಹತ್ತಿ, ಬಾಗಿಲ ಹೊರಗೇ ನಿಂತು ಏದುಸಿರು ಇಳಿಸಿಕೊಂಡು, ಒಳಗೆ ಬಂದು ‘ಯೆಸ್ ಮಿಸ್ಟರ್ ಬಾರ್ಲೋ’ ಎಂದಳು. ಟೇಬಲ್ಲಿನ ಹಿಂದಿನ ಕುರ್ಚಿಯಿಂದ ಎದ್ದು ಬಂದವಳ ಹಾಗೆ.

ಆ ದಿನದಿಂದ ಅದೇ ಪದ್ಧತಿಯಾಯಿತು.

ಪದ್ಧತಿಗೆ ನಮ್ಮ ಕೆಳಗಿನ ಮನೆಯ ಶಾಲಿನಿತಾಯಿ (ಮರಾಠಿಯವರ ‘ತಾಯಿ’ ಎಂದರೆ ಅಕ್ಕ) ಕೈಜೋಡಿಸಿದರು. ಆಕೆ ಬಿಲ್ಡಿಂಗ್ ಸೆಕ್ರೆಟರಿಯ ಹೆಂಡತಿ; ಅಂದರೆ ನಿಜವಾದ ಸೆಕ್ರೆಟರಿ. ಗುರುವಾರ ಫೋನ್ ಬಂತೆಂದರೆ ಆಕೆ ಕಂಪೌಂಡಿಗೆ ಇಳಿದು, ‘ಏ, ಗಪ್ ಬಸಾ ರೇ! ಲಂಡನ್‌ಚಾ ಫೋನ್ ಆಲಾಯ!’ ಎಂದು ಒಂದು ಬಾರಿ ಗುಡುಗುತ್ತಾರೆ: ಸುಮ್ಮನೆ ಕೂರಿ, ಲಂಡನ್ನಿನ ಫೋನ್ ಬಂದಿದೆ ಅಂತ. ಕ್ರಿಕೆಟ್ ನಿಲ್ಲುತ್ತದೆ. ಚಾಳಿನ ನಲ್ಲಿಯ ಬಳಿ ಕೊಡಗಳ ಸದ್ದು ನಿಲ್ಲುತ್ತದೆ. ಯಾರ ಮನೆಯಲ್ಲಾದರೂ ಕುಕ್ಕರ್ ಸೀಟಿ ಹೊಡೆಯುವಂತಿದ್ದರೆ ಸ್ಟೋವ್ ಆರಿಸಬೇಕು. ಒಮ್ಮೆ, ಹಳೆ ಬಟ್ಟೆಗೆ ಪಾತ್ರೆ ಕೊಡುತ್ತೇನೆಂದು ಕೂಗುತ್ತಾ ಬರುವ ಭಾಂಡೀವಾಲಿ ಸ್ಟೀಲ್ ಪಾತ್ರೆ ತಲೆಯ ಮೇಲಿಟ್ಟುಕೊಂಡು ಗೇಟಿಗೆ ಬಂದಳು. ಶಾಲಿನಿತಾಯಿ ಅವಳ ಬಾಯಿಗೇ ಕೈ ಅಡ್ಡ ಹಿಡಿದರು.

ಯಾಕೆ ಇಷ್ಟೆಲ್ಲ? ಯಾರೂ ಕೇಳಲಿಲ್ಲ. ರೇಣುಕಾಳ ಮರ್ಯಾದೆ ಎಂದರೆ ಬಿಲ್ಡಿಂಗ್‌ನದು, ಚಾಳಿನದು, ಬಹುಶಃ ದೇಶದ್ದೇ ಎಂದು ಎಲ್ಲರೂ ತಾವಾಗಿ ಅಂದುಕೊಂಡರು. ‘ಎನಿ ಡಿಫಿಕಲ್ಟಿ?’ ಎಂದು ಬಾರ್ಲೋ ಪ್ರತಿವಾರ ಕೇಳುತ್ತಿದ್ದ. ‘ನೋ ಡಿಫಿಕಲ್ಟಿ ಸರ್, ಆಲ್ ಫೈನ್ ಸರ್’ ಎಂದು ಅವಳು ಪ್ರತಿವಾರ ಹೇಳುತ್ತಿದ್ದಳು. ಆ ವಾಕ್ಯ ಹೇಳಿಕೊಟ್ಟವಳು ನಾನೇ. ಉಚ್ಚಾರ ಕೂಡ ತಿದ್ದಿದ್ದೆ.

ಹೀಗೆ ಮಳೆಗಾಲ ಕಳೆಯಿತು. ಪರ್ಮಿಟ್ ಮಾತ್ರ ಬರಲಿಲ್ಲ.

ಹೋದ ತಿಂಗಳು ಒಂದು ಗುರುವಾರ, ಎಂದಿನಂತೆ ‘ಒನ್ ಮೊಮೆಂಟ್ ಪ್ಲೀಸ್’ ಎನ್ನಲು ಬಾಯಿ ತೆರೆದೆ. ಬಾರ್ಲೋ ತಡೆದ.

‘ಒಂದು ಮಾತು, ಮೇಡಂ. ನಿಮ್ಮ ಆಫೀಸನ್ನು ಎಷ್ಟು ಅಚ್ಚುಕಟ್ಟಾಗಿ ನಡೆಸುತ್ತಿದ್ದೀರಿ! ಎಷ್ಟು ನಿಶ್ಶಬ್ದ! ನನ್ನ ಪಾರ್ಟ್‌ನರುಗಳಿಗೂ ಅದನ್ನೇ ಹೇಳಿದೆ.’

ನಾನು ಸೆರಗು ಸರಿಮಾಡಿಕೊಂಡೆ.

‘ಅವರು ಈಗ ಏನನ್ನುತ್ತಿದ್ದಾರೆಂದರೆ,’ ಆತ ಮುಂದುವರಿಸಿದ, ‘ಅಲ್ಲಿ ಅಷ್ಟು ಒಳ್ಳೆಯ ಏರ್ಪಾಡು ಇರುವಾಗ ಹುಡುಗಿಯನ್ನು ಇಲ್ಲಿಗೆ ಕರೆಸುವುದು ಯಾಕೆ? ನಮ್ಮ ಸರ್ಕಾರವೂ ಅದನ್ನೇ ಕೇಳಿದೆ. ಈ ಕೆಲಸ ಇಲ್ಲಿಗೆ ಬಂದೇ ಯಾಕೆ ಮಾಡಬೇಕು, ಬರೆದು ಕೊಡಿ ಅಂತ. ನಿಜ ಹೇಳಬೇಕೆಂದರೆ ಏನು ಬರೆಯಬೇಕೋ ನನಗೇ ತಿಳಿಯುತ್ತಿಲ್ಲ. ಮುಂದಿನ ವಾರ ಅರ್ಜಿ ವಾಪಸ್ ತೆಗೆದುಕೊಳ್ಳೋಣ ಎಂದು ಯೋಚಿಸಿದ್ದೇವೆ. ಅವಳು ಅಲ್ಲೇ ಆರಾಮಾಗಿ ಇದ್ದಾಳಲ್ಲ?’

ನಾನು ಏನು ಹೇಳಬೇಕಿತ್ತು? ‘ಇಲ್ಲ ಸ್ವಾಮೀ, ಆರಾಮಾಗಿಲ್ಲ’ ಎನ್ನಬೇಕಿತ್ತು. ಏನು ಹೇಳಿದೆ ಗೊತ್ತೇ?

‘ಹೌ ವೆರಿ ಕೈಂಡ್ ಆಫ್ ಯು’ ಎಂದೆ.

ಡಸ್ಟರಿನ ಪಾಠ! ಯಾರು ಏನೇ ಅಂದರೂ ಮೊದಲು ಥ್ಯಾಂಕ್ಸ್ ಹೇಳಬೇಕು.

ರೇಣುಕಾ ಬಂದಳು. ಅವಳೊಡನೆ ಆತ ಬಣ್ಣಗಳ ವಿಷಯ ಮಾತ್ರ ಆಡಿ ಫೋನ್ ಇಟ್ಟ. ಅವಳು ನಗುನಗುತ್ತಾ, ‘ಇವತ್ತ ಭಾಳ ಖುಷಿಯಾಗ್ಯಾನ್ರಿ ಸಾಹೇಬ’ ಎಂದಳು. ಆಗ ನಾನು ಎಲ್ಲವನ್ನೂ ಹೇಳಬೇಕಾಯಿತು.

ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

‘ಅಂದ್ರ, ನಾವು ಚಲೋ ಮಾಡಿದ್ದಕ್ಕ ಹಿಂಗಾತೇನ್ರಿ?’

ನಾನು ನೀರು ತಂದುಕೊಟ್ಟೆ. ಅವಳು ಲೋಟ ಪಕ್ಕಕ್ಕಿಟ್ಟಳು.

‘ಇಷ್ಟು ಕಾರ್ಪೆಟ್ ಬರದೀನಿ ಅವ್ವಾರ, ಒಂದರ ಮ್ಯಾಲೂ ಕಾಲಿಟ್ಟಿಲ್ಲ. ಮಿಲ್ಲಿನ್ಯಾಗ ಇದ್ದಾಗ ನಾ ಬರದದ್ದು ಮಗ್ಗದ ಮ್ಯಾಲ ಏಳೂದು ನೋಡ್ತಿದ್ದೆ. ಅಪ್ಪ ಕರದು ತೋರಸ್ತಿದ್ದ, ನೋಡವಾ ನಿನ್ನ ಹೂವು ಅಂತ. ಈಗ ಕಾಗದ ಸುತ್ತಿ ಕಳಸ್ತೀನಿ, ಮುಗೀತು. ಸತ್ತೋ ಬದಕ್ತೋ ಗೊತ್ತಿಲ್ಲ.’

ಅವಳಿಗೆ ಬೇಕಾದದ್ದು ಲಂಡನ್ ನೋಡುವುದಲ್ಲ, ಅಲ್ಲಿನ ಹಿಮವೂ ಅಲ್ಲ ಎಂದು ನನಗೆ ಅಂದೇ ತಿಳಿದದ್ದು. ತಾನು ಬರೆದ ಹೂವು ಉಣ್ಣೆಯಾಗುವುದನ್ನು ನೋಡಬೇಕು. ಅಷ್ಟೇ.

‘ಹಾಗಾದರೆ ನಿಜ ಹೇಳಿಬಿಡೋಣ’ ಎಂದೆ. ‘ಇಲ್ಲಿ ಆಫೀಸಿಲ್ಲ, ಖೋಲಿಯಲ್ಲಿ ಮಂಚದ ಮೇಲೆ ಹಲಗೆ ಹಾಕಿಕೊಂಡು ಬರೆಯುತ್ತೀಯ, ಮಕ್ಕಳು ಎದ್ದರೆ ಎಲ್ಲ ಎತ್ತಿಡಬೇಕು ಅಂತ.’

‘ಬ್ಯಾಡ್ರಿ!’ ಅವಳ ಮುಖ ಕೆಂಪಾಯಿತು. ‘ನಮ್ಮ ಮನಿ ಗೋಳು ಅವನ ಮುಂದ ಯಾಕ? ಭಿಕ್ಷಾ ಬೇಡಿದಂಗ ಆಗತದ. ಅದೂ ಅಲ್ದ, ಇಂಥಾ ಜಾಗಾದಾಗ ಕೆಲಸ ಹೆಂಗ ನೆಟ್ಟಗ ಆದೀತು ಅಂತ ಇದ್ದದ್ದೂ ಕೊಡೂದು ಬಂದ್ ಮಾಡಿದ್ರ? ಪರ್ಮಿಟ್ಟೂ ಹೋತು, ಕೆಲಸಾನೂ ಹೋತು.’

ಇದು ಸಣ್ಣ ಮಾತಲ್ಲ. ಆ ಮನೆಯಲ್ಲಿ ತಿಂಗಳು ದಾಟುವುದು ಆ ಕೊಳವೆಗಳಿಗೆ ಬರುವ ಹಣದಿಂದಲೇ. ಎಪ್ಪತ್ತು ದಾಟಿದ ನಾನು ಸುಮ್ಮನೆ ಹುಮ್ಮಸ್ಸಿನಲ್ಲಿ ‘ಹೇಳಿಬಿಡು’ ಎಂದುಬಿಡಬಹುದು. ಕಳೆದುಕೊಳ್ಳುವವಳು ಅವಳು.

ಆ ವಾರವೆಲ್ಲ ನನಗೆ ಸರಿಯಾಗಿ ಊಟ ಸೇರಲಿಲ್ಲ. ಯೋಚಿಸಿದಷ್ಟೂ ನಮ್ಮ ಜನರ ಮೇಲೇ ಸಿಟ್ಟು ಬಂತು. ನಾವು ಮುಂಬಯಿಗೆ ಬಂದ ಹೊಸದರಲ್ಲಿ ಮಾಟುಂಗದ ಒಂದು ಕೋಣೆಯಲ್ಲಿ ಎರಡು ಸಂಸಾರ, ನಡುವೆ ಒಂದು ಬೆಡ್‌ಶೀಟಿನ ಪರದೆ. ಮಳೆ ಬಂದರೆ ಸೋರುವ ಕಡೆ ಬಕೆಟ್. ಆ ಬಕೆಟ್ಟಿನ ಪಕ್ಕ ಕೂತು ನಾನು ಬೆಂಗಳೂರಿಗೆ ಪತ್ರ ಬರೆಯುತ್ತಿದ್ದೆ: ‘ನಾವೆಲ್ಲರೂ ಇಲ್ಲಿ ಕ್ಷೇಮ.’ ಅತ್ತೆಯವರು ಸೊಂಟ ಮುರಿದುಕೊಂಡು ಮಲಗಿದ್ದಾಗ ಆ ಕಡೆಯಿಂದ ಬರೆಸಿದ ಪತ್ರದಲ್ಲೂ ಮೊದಲ ಸಾಲು ಅದೇ. ಸೊಂಟದ ಸುದ್ದಿ ಇನ್‌ಲ್ಯಾಂಡ್ ಪತ್ರದ ಮಡಿಸುವ ತುದಿಯಲ್ಲಿ, ಸಣ್ಣ ಅಕ್ಷರದಲ್ಲಿ. ನಿಮ್ಮ ಮನೆಯ ಹಳೆಯ ಪತ್ರಗಳನ್ನು ತೆಗೆದು ನೋಡಿ. ಒಂದರಲ್ಲಾದರೂ ‘ನಾವು ಇಲ್ಲಿ ಕ್ಷೇಮವಾಗಿಲ್ಲ’ ಎಂದು ಶುರುವಾಗಿದೆಯೇ?

ಅದರ ಮೇಲೆ ಮುಂಬಯಿಯ ಅಭ್ಯಾಸ ಬೇರೆ. ಲೋಕಲ್‌ನಲ್ಲಿ ಮೂರು ಜನರ ಸೀಟಿನ ತುದಿಗೆ ನಾಲ್ಕನೆಯವಳಾಗಿ ಒಂದು ತೊಡೆ ಊರಿ ಕೂತು, ‘ಆರಾಮಾಗಿದೆ, ಆರಾಮಾಗಿದೆ’ ಎನ್ನುತ್ತೇವೆ. ಯಾರಾದರೂ ಕೇಳಿದರೆ ತಾನೇ? ಕೇಳದೆಯೂ ಹೇಳುತ್ತೇವೆ! ಇದಕ್ಕೆ ಅಡ್ಜಸ್ಟ್ ಎಂದು ಹೆಸರಿಟ್ಟು ಹೆಮ್ಮೆಪಡುತ್ತೇವೆ. ಹೆಮ್ಮೆಪಡಬೇಕಾದದ್ದೇ. ಆದರೆ ಎದುರಿಗಿರುವವರು ಅದನ್ನು ನಿಜವೆಂದೇ ನಂಬಿಬಿಟ್ಟರೆ?

ಬುಧವಾರ ಸಂಜೆ ರೇಣುಕಾ ಬಂದಳು. ಕೈಯಲ್ಲಿ ಅರ್ಧ ತುಂಬಿದ ಚೌಕಳಿ ಕಾಗದ, ಒಂದು ಉಣ್ಣೆಯ ಗೊಂಡೆ.

‘ಮನಿ ಮಾತು ಆಡೂದಿಲ್ರಿ’ ಎಂದಳು. ‘ಕೆಲಸದ ಮಾತು ಆಡ್ತೀನಿ. ಬರೋಬರಿ ಏನ್ ಆಗ್ತದ ಅದನ್ನ ಹೇಳ್ತೀನಿ. ನೀವು ಇಂಗ್ಲಿಷ್ ಬರದು ಕೊಡಬ್ಯಾಡ್ರಿ ಈ ಸಲ. ನಿಮ್ಮ ಇಂಗ್ಲಿಷ್ ಭಾಳ ಚಂದ ಐತಿ. ಅದರಾಗ ಏನೂ ತ್ರಾಸೇ ಕಾಣೂದಿಲ್ಲ.’

ಇಷ್ಟು ವರ್ಷ ಎಷ್ಟೋ ಜನ ನನ್ನ ಇಂಗ್ಲಿಷನ್ನು ಹೊಗಳಿದ್ದಾರೆ. ಯಾರೂ ಹೀಗೆ ಹೊಗಳಿರಲಿಲ್ಲ.

‘ಮತ್ತ ಶಾಲಿನಿತಾಯಿಗೆ ಹೇಳ್ರಿ. ನಾಳೆ ಯಾರೂ ಗಪ್ ಕೂಡೂದು ಬ್ಯಾಡ.’

ಶಾಲಿನಿತಾಯಿಗೆ ಇದು ಅರ್ಥ ಮಾಡಿಸುವುದೇ ಕಷ್ಟವಾಯಿತು. ‘ಮ್ಹಣಜೇ ಕಾಯ್, ಕಾಕೂ? ಅಂದರೆ ಸದ್ದು ಮಾಡಬೇಕಾ?’

‘ಮಾಡಬೇಕು ಅಂತಲ್ಲ. ಎಂದಿನಂತೆ ಇದ್ದರೆ ಸಾಕು.’

‘ಎಂದಿನಂತೆ ಅಂದರೆ ಗುರುವಾರದ ಹಾಗಾ, ಬುಧವಾರದ ಹಾಗಾ?’

‘ಬುಧವಾರದ ಹಾಗೆ.’

ಈಗ ನೋಡಿ, ಒಂದು ಇಡೀ ಬಿಲ್ಡಿಂಗಿಗೆ ‘ಸಹಜವಾಗಿರಿ’ ಎಂದು ಹೇಳಿದರೆ ಏನಾಗಬೇಕೋ ಅದೇ ಆಯಿತು. ಗುರುವಾರ ಫೋನ್ ಬಂದದ್ದೇ ತಡ, ಕಂಪೌಂಡಿನಲ್ಲಿ ಎಂದೂ ಇಲ್ಲದ ಗದ್ದಲ. ಎಲ್ಲ ಮನೆಗಳಲ್ಲೂ ಏಕಕಾಲಕ್ಕೆ ಕುಕ್ಕರ್. ಕ್ರಿಕೆಟ್ಟಿನಲ್ಲಿ ಪ್ರತಿ ಬಾಲಿಗೂ ‘ಔಟ್!’ ಚಾಳಿನ ಹೆಂಗಸರು ಕೊಡಗಳನ್ನು ಬೇಕೆಂದೇ ಒಂದಕ್ಕೊಂದು ತಾಕಿಸುತ್ತಿದ್ದರು. ಶಾಲಿನಿತಾಯಿ ಭಾಂಡೀವಾಲಿಯನ್ನು ಎಲ್ಲಿಂದಲೋ ಕರೆಸಿಯೇಬಿಟ್ಟಿದ್ದರು.

‘ಗುಡ್ ಹೆವೆನ್ಸ್!’ ಎಂದ ಬಾರ್ಲೋ. ‘ಏನದು? ನಿಮ್ಮ ಆಫೀಸಿನಲ್ಲಿ ಸ್ಟ್ರೈಕ್ ಆಗಿದೆಯೇ?’

‘ಇಲ್ಲ, ಮಿಸ್ಟರ್ ಬಾರ್ಲೋ’ ಎಂದೆ. ‘ಇಲ್ಲಿ ಆಫೀಸೇ ಇಲ್ಲ. ಇದು ನನ್ನ ಮನೆ, ನನ್ನ ಫೋನು. ನಾನು ಪಕ್ಕದ ಬಿಲ್ಡಿಂಗಿನ ಮುದುಕಿ. ಇಷ್ಟು ದಿನ ನಿಮಗೋಸ್ಕರ ಎಲ್ಲರೂ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದರು.’

ಆ ಕಡೆ ಮೌನ. (ವಿದೇಶದ ಕಾಲ್‌ನಲ್ಲಿ ಮೌನಕ್ಕೂ ಬಿಲ್ ಬರುತ್ತದಲ್ಲ ಎಂದು ಆ ಗಳಿಗೆಯಲ್ಲೂ ನನಗೆ ಸಂಕಟವಾಯಿತು.)

‘ನೀವು ನಮ್ಮ ಸ್ಟಾಫ್ ಅಲ್ಲವೇ?’

‘ನೀವು ನನಗೆ ಸಂಬಳ ಕೊಟ್ಟ ನೆನಪಿಲ್ಲ.’

ಅಷ್ಟರಲ್ಲಿ ರೇಣುಕಾ ಒಳಗೆ ಬಂದಿದ್ದಳು. ಈ ಸಲ ಹೊರಗೆ ನಿಂತು ಉಸಿರು ಇಳಿಸಿಕೊಳ್ಳಲಿಲ್ಲ. ಏದುಸಿರಿನಲ್ಲೇ ರಿಸೀವರ್ ಹಿಡಿದಳು. ಒಂದು ಕಡೆ ಅವಳ ಕಿವಿ, ಇನ್ನೊಂದು ಕಡೆ ನನ್ನ ಕಿವಿ. ಅವಳ ಮುರುಕು ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಹೀಗೆ:

‘ಸರ್, ಡಿಫಿಕಲ್ಟಿ ಇದೆ. ಮಳೆಗಾಲದಲ್ಲಿ ಬಣ್ಣ ಒಣಗುವುದಿಲ್ಲ, ಕಾಗದ ಹಿಗ್ಗುತ್ತದೆ, ಚೌಕ ಸೊಟ್ಟಗಾಗುತ್ತದೆ. ನಿಮಗೆ ಒಂದು ಡಿಸೈನ್ ಕಳಿಸುವ ಮುಂಚೆ ಎಷ್ಟೋ ಹರಿದು ಹಾಕಿರುತ್ತೇನೆ. ನೀವು ಕಳಿಸಿದ ಉಣ್ಣೆ ಕಿಟಕಿಯಲ್ಲಿ ಒಂದು ಬಣ್ಣ, ದೀಪದ ಕೆಳಗೆ ಇನ್ನೊಂದು ಬಣ್ಣ. ನನ್ನ ಕೆಂಪು ಅಲ್ಲಿ ನೇಯ್ದ ಮೇಲೆ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ. ಅಂದಾಜಿನ ಮೇಲೆ ಹಾಕುತ್ತೇನೆ. ನೀವು ಪ್ರತಿಸಲ ಚೆನ್ನಾಗಿದೆ ಎನ್ನುತ್ತೀರಿ. ನನಗೆ ನಂಬಿಕೆ ಬರುವುದಿಲ್ಲ. ಮಗ್ಗದ ಹತ್ತಿರ ನಿಂತರೆ ಗೊತ್ತಾಗುತ್ತದೆ. ಇಲ್ಲಿಂದ ಗೊತ್ತಾಗುವುದಿಲ್ಲ.’

ಹೊರಗೆ ಯಾರೋ ಮತ್ತೆ ‘ಔಟ್!’ ಎಂದು ಕಿರುಚಿದರು.

ಬಾರ್ಲೋ ಗಂಟಲು ಸರಿಮಾಡಿಕೊಂಡ. ‘ಹಾಗಿದ್ದರೆ ಇದನ್ನು ಹೀಗೇ ಮುಂದುವರಿಸುವುದರಲ್ಲಿ ಅರ್ಥವಿಲ್ಲ.’

ರೇಣುಕಾ ನನ್ನ ಮುಂಗೈ ಹಿಡಿದುಕೊಂಡಳು. ಹೋಯಿತು, ಎರಡೂ ಹೋಯಿತು ಎಂದುಕೊಂಡೆ. ಸುಮ್ಮನಿದ್ದಿದ್ದರೆ ಇದ್ದದ್ದಾದರೂ ಉಳಿಯುತ್ತಿತ್ತು. ನಾನು ಮುದುಕಿ, ನನಗೇಕೆ ಬೇಕಿತ್ತು?

‘ಮಿಸ್ ರೇಣುಕಾ,’ ಆತನ ದನಿ ಸಣ್ಣದಾಗಿತ್ತು, ‘ನಾನೂ ಒಂದು ಮಾತು ಹೇಳಬೇಕು. ನಿನ್ನ ಕಂದು ಬಣ್ಣಗಳು ಒಂದೂ ಸರಿ ಬರುತ್ತಿಲ್ಲ. ಮೊದಲ ದಿನದಿಂದಲೂ. ನಮ್ಮ ಮಗ್ಗದವನು ಪ್ರತಿ ಡಿಸೈನನ್ನೂ ತಾನೇ ತಿದ್ದಿ ನೇಯುತ್ತಿದ್ದಾನೆ. ಒಂದು ಹೋಟೆಲಿನವರು ಕಾರ್ಪೆಟ್ ವಾಪಸ್ಸೂ ಕಳಿಸಿದರು. ನಿನಗೆ ಬೇಜಾರಾದೀತು ಎಂದು ನಾವು ಹೇಳಿರಲಿಲ್ಲ. ಅಷ್ಟು ದೂರದಲ್ಲಿ ಅಷ್ಟು ಕಷ್ಟಪಟ್ಟು ಮಾಡುತ್ತಿದ್ದೀಯಲ್ಲ. ತಪ್ಪು ದೂರದ್ದು, ನಿನ್ನ ಕಣ್ಣಿನದಲ್ಲ ಎಂದು ನನಗೆ ಇವತ್ತೇ ಗೊತ್ತಾದದ್ದು.’

ಕೇಳಿದಿರಾ? ಅವರೂ ಅಷ್ಟೇ! ಆ ತುದಿಯಲ್ಲಿ ಕೂತು ಅವರೂ ‘ನಾವೆಲ್ಲರೂ ಇಲ್ಲಿ ಕ್ಷೇಮ’ ಎನ್ನುತ್ತಿದ್ದರು. (ಆತನೂ ಎಲ್ಲೋ ಸಿಸ್ಟರುಗಳ ಕೈಯಲ್ಲೇ ಕಲಿತಿರಬೇಕು.) ಎರಡು ದೇಶ ಪರಸ್ಪರ ಸೌಜನ್ಯ ತೋರಿಸಿಕೊಳ್ಳುತ್ತಾ, ಮಧ್ಯೆ ಒಂದು ಹುಡುಗಿಯ ಪರ್ಮಿಟ್ಟನ್ನು ಇನ್ನೇನು ಮುಳುಗಿಸಿಯೇಬಿಡುತ್ತಿದ್ದವು.

‘ಆದ್ದರಿಂದ’ ಎಂದ ಬಾರ್ಲೋ, ಈಗ ದನಿ ಬದಲಾಗಿತ್ತು, ‘ನೀನು ಮಗ್ಗದ ಪಕ್ಕ ನಿಂತೇ ಈ ಕೆಲಸ ಮಾಡಬೇಕು. ಸರ್ಕಾರಕ್ಕೆ ಏನು ಬರೆಯಬೇಕು ಎಂದು ನನಗೆ ಈಗ ಗೊತ್ತಾಯಿತು. ಇವತ್ತೇ ಬರೆಯುತ್ತೇನೆ.’

ರೇಣುಕಾ ರಿಸೀವರನ್ನು ನನ್ನ ಕೈಗೆ ಕೊಟ್ಟು, ಕಿಟಕಿಗೆ ಹೋಗಿ, ಕೆಳಗೆ ನೋಡಿ ಎರಡೂ ಕೈ ಆಡಿಸಿದಳು. ‘ಸಾಕ್ರೋ! ಸಾಕು! ಬಸ್!’

ಯಾರಿಗೂ ಕೇಳಿಸಲಿಲ್ಲ. ಸಹಜವಾಗಿರುವುದರಲ್ಲಿ ಅಷ್ಟೊಂದು ಮುಳುಗಿದ್ದರು.

ಪರ್ಮಿಟ್ ಇನ್ನೂ ಬಂದಿಲ್ಲ. ಸರ್ಕಾರದ ಕೆಲಸ, ಯಾವ ದೇಶದ್ದಾದರೇನು? ಆದರೆ ಬಾರ್ಲೋ ಬರೆದ ಪತ್ರ ಮೇಜಿನಿಂದ ಮೇಜಿಗೆ ಮುಂದೆ ಹೋಗುತ್ತಿದೆಯಂತೆ. ಒಳ್ಳೆಯ ಸೂಚನೆಯಂತೆ. ರೇಣುಕಾಳ ಅಪ್ಪ ದಾದರಿನಲ್ಲಿ ಒಂದು ಸ್ವೆಟರ್ ನೋಡಿಟ್ಟಿದ್ದಾರೆ. ‘ಪರ್ಮಿಟ್ಟಿನ ಕಾಗದ ಬರೂಮಟಾ ತಗೊಳ್ಳೂದಿಲ್ಲ’ ಎನ್ನುತ್ತಾರೆ. ದಿನಾ ಊಟದ ಹೊತ್ತಿನಲ್ಲಿ ಆ ಅಂಗಡಿಗೆ ಹೋಗಿ ಅದು ಇನ್ನೂ ಅಲ್ಲಿದೆಯೇ ಎಂದು ನೋಡಿಬರುತ್ತಾರೆ. ಈ ನಡುವೆ ಕಂದು ಬಣ್ಣವಿಲ್ಲದ ಡಿಸೈನುಗಳನ್ನು ಮಾತ್ರ ಬಾರ್ಲೋ ಕಳಿಸುತ್ತಿದ್ದಾನೆ.

ಮೊನ್ನೆ ಆ ಪತ್ರದ ಪ್ರತಿ ದಾದರಿನ ಫ್ಯಾಕ್ಸ್ ಅಂಗಡಿಗೆ ಬಂತು. ಸುರುಳಿ ಸುತ್ತಿಕೊಳ್ಳುವ ಆ ನುಣುಪು ಕಾಗದವನ್ನು ಹಿಡಿದು ರೇಣುಕಾ ನೇರ ನನ್ನ ಮನೆಗೆ ಬಂದಳು. ನಾನು ಓದಿ ಅರ್ಥ ಹೇಳಿದೆ: ‘ಈಕೆ ಅಸಾಧಾರಣ ಕೈಯವಳು. ಆದರೆ ಮಗ್ಗದಿಂದ ದೂರವಿದ್ದು ಮಾಡಿದ ಈಕೆಯ ಕೆಲಸ ತೃಪ್ತಿಕರವಾಗಿಲ್ಲ. ಆದ್ದರಿಂದ ಈಕೆ ಇಲ್ಲಿರುವುದು ಅತ್ಯಗತ್ಯ.’

ನನಗೆ ಕಣ್ಣು ತುಂಬಿ ಬಂತು. ಅವಳಿಗೆ?

‘ತೃಪ್ತಿಕರ ಇಲ್ಲಂತ ಬರದಾನಲ್ರೀ!’ ಅವಳ ಮೂಗಿನ ತುದಿ ಕೆಂಪಾಗಿತ್ತು. ‘ಕಂದು ಒಂದ ಬಿಟ್ರ ಉಳದದ್ದೆಲ್ಲಾ ನೆಟ್ಟಗ ಇದ್ದಿಲ್ಲೇನು? ಹೂವು ಯಾರ ಬರದ್ರು, ಅವರಪ್ಪ?’

‘ಅಲ್ಲವೇ ಹುಚ್ಚಿ, ಹಾಗೆ ಬರೆದರೇನೇ ನಿನಗೆ ಪರ್ಮಿ‌ಟ್...’

‘ಅದೆಲ್ಲಾ ಗೊತ್ತಿಲ್ರಿ ನಂಗ. ಗುರುವಾರ ಫೋನ್ ಬರ್ಲಿ. ನಾನ ಕೇಳ್ತೀನಿ.’

ಇನ್ನೂ ಆ ಫ್ಯಾಕ್ಟರಿಗೇ ಕಾಲಿಡದವಳು ಆಗಲೇ ಧಣಿಯ ಮೇಲೆ ಜಗಳಕ್ಕೆ ನಿಂತಿದ್ದಾಳೆಂದರೆ, ಪರ್ಮಿಟ್ ಬಂದಂತೆಯೇ ಅಲ್ಲವೇ?